ಅಂಗಡಿಗೆ ಹೋಗುವವನು ಮುಖಗವಸನ್ನು ಧರಿಸತಕ್ಕದ್ದೋ?

ಕೆಲವು ಪ್ರಶ್ನೆಗಳು ನೋಡುವದಕ್ಕೆ ಬಹು ಚಿಕ್ಕವುಗಳಾಗಿದ್ದರೂ ತೂಗಿ ನೋಡಿದರೆ ಅವುಗಳ ಭಾರವು ತಿಳಿಯುವದು. ಸಾಂಕ್ರಾಮಿಕ ರೋಗವು ಹಬ್ಬಿರುವ ಕಾಲದಲ್ಲಿ ಉಪ್ಪು, ಬೇಳೆ, ಎಣ್ಣೆ ಕೊಳ್ಳುವದಕ್ಕೆ ಅಂಗಡಿಗೆ ಹೋಗುವವನು ಒಂದು ಗೇಣು ಬಟ್ಟೆಯಿಂದ ತನ್ನ ಮೂಗುಬಾಯಿಗಳನ್ನು ಮುಚ್ಚಿಕೊಳ್ಳಬೇಕೋ ಬೇಡವೋ ಎಂಬದು ಅಂಥಾ ಪ್ರಶ್ನೆಗಳಲ್ಲಿ ಒಂದು. ೨೦೨೦ ಮತ್ತು ೨೦೨೧ನೆಯ ಇಸವಿಗಳಲ್ಲಿ ಕೋವಿಡ್ ರೋಗವು ನಮ್ಮ ನಾಡನ್ನು ಪೀಡಿಸಿದಾಗ, ಪಟ್ಟಣಗಳಲ್ಲಿ ಮಾತ್ರವಲ್ಲ, ಕೆರಗೋಡಿನಂಥಾ ಹೋಬಳಿಯ ಊರುಗಳಲ್ಲಿಯೂ ಈ ವಿಷಯವಾಗಿ ದಿನವೂ ವಾದವಾಯಿತು. ಈಗ ಆ ದಿನಗಳು ಕಳೆದುಹೋದವು. ದಂಡದ ಭಯವೂ ಹೋಯಿತು. ಹೀಗಿರಲಾಗಿ ಹಳೆಯ ಮಾತನ್ನು ಯಾಕೆ ಎತ್ತುತ್ತೀರಿ ಎಂದು ಕೆಲವರು ಕೇಳಾರು. ನಾವು ಹೇಳುವದೇನಂದರೆ, ದಂಡವಿದ್ದ ಕಾಲದಲ್ಲಿ ನಾವೆಲ್ಲರೂ ಪೊಲೀಸಿನವರು ನೋಡಿಯಾರೋ ಎಂದು ಕೇಳಿದೆವೇ ಹೊರತು, ಇದು ಮಾಡತಕ್ಕ ಕೆಲಸವೋ ಅಲ್ಲವೋ ಎಂದು ಕೇಳಲಿಲ್ಲ. ಭಯವಿಲ್ಲದ ಈ ಸಮಯವೇ ಆ ಪ್ರಶ್ನೆಯನ್ನು ಸಮಾಧಾನದಿಂದ ಯೋಚಿಸುವದಕ್ಕೆ ತಕ್ಕ ಸಮಯ.

ನಡೆದದ್ದನ್ನು ಸ್ವಲ್ಪ ನೆನಪಿಗೆ ತಂದುಕೊಳ್ಳೋಣ. ೨೦೨೦ನೆಯ ಮಾರ್ಚಿ ೧೧ರಂದು ವಿಶ್ವ ಆರೋಗ್ಯ ಸಂಸ್ಥೆಯವರು ಈ ರೋಗವು ಲೋಕವನ್ನೆಲ್ಲಾ ವ್ಯಾಪಿಸಿದೆ ಎಂದು ಸಾರಿದರು. ಮಾರ್ಚಿ ೨೫ರಿಂದ ದೇಶವೆಲ್ಲಾ ಲಾಕ್‌ಡೌನಿಗೆ ಒಳಗಾಯಿತು. ಏಪ್ರಿಲ್ ೧೫ರಂದು ಕೇಂದ್ರ ಸರ್ಕಾರವು, ಸಾರ್ವಜನಿಕ ಸ್ಥಳಗಳಿಗೆ ಬರುವವರು ಮುಖವನ್ನು ಮುಚ್ಚಿಕೊಳ್ಳಲೇಬೇಕೆಂದು ಆಜ್ಞಾಪಿಸಿತು. ಆಜ್ಞೆಯನ್ನು ಮೀರಿದವರಿಗೆ ಕರ್ನಾಟಕ ಸರ್ಕಾರವು ೨೦೨೦ನೆಯ ಅಕ್ಟೋಬರಿನಲ್ಲಿ ಮಹಾನಗರಗಳಲ್ಲಿ ೨೫೦ ರೂಪಾಯಿಯೂ ಉಳಿದ ಕಡೆಗಳಲ್ಲಿ ೧೦೦ ರೂಪಾಯಿಯೂ ದಂಡವೆಂದು ಗೊತ್ತುಮಾಡಿತು. ಕೂಲಿಯಿಂದ ಜೀವಿಸುವವನಿಗೆ ೧೦೦ ರೂಪಾಯಿ ಸಣ್ಣ ಮೊತ್ತವಲ್ಲ. ಆದದರಿಂದ ಜನರು ಮಾಸ್ಕನ್ನು ಧರಿಸಿದರು; ಆದರೆ ಹೇಗೆ ಧರಿಸಿದರು? ಜೀಪು ಕಂಡರೆ ಮೂಗಿನ ಮೇಲೆ, ಜೀಪು ಹೋದರೆ ಗಡ್ಡದ ಕೆಳಗೆ. ಅಂಗಡಿಯ ಮುಂದೆ ಸುಮ್ಮನೆ ನಿಂತಿರುವಾಗ ಬಾಯಿ ಮುಚ್ಚಿಕೊಂಡಿದ್ದವರು, ಅಂಗಡಿಯವನ ಸಂಗಡ ಮಾತಾಡುವ ಸಮಯ ಬಂದ ಕೂಡಲೇ ಅದನ್ನು ಕೆಳಕ್ಕೆ ಎಳೆದು ಮಾತಾಡಿದರು. ಅದು ಯಾವ ಗಳಿಗೆಗಾಗಿ ಬೇಕಾಗಿತ್ತೋ ಆ ಗಳಿಗೆಯಲ್ಲಿಯೇ ಅದನ್ನು ತೆಗೆದುಬಿಟ್ಟರು. ಇತರರನ್ನು ಕುರಿತು ಮಾತ್ರ ಇದನ್ನು ಹೇಳುತ್ತೇವೆಂದು ತಿಳಿಯಬೇಡಿರಿ; ನಾವೂ ಹಾಗೆಯೇ ಮಾಡಿದವರು.

ಈ ರೋಗದ ಸ್ವಭಾವವನ್ನು ಅರಿಯದೆ ನಮ್ಮ ಪ್ರಶ್ನೆಗೆ ಉತ್ತರ ದೊರಕದು. ಕೋವಿಡ್ ರೋಗದ ವಿಷಕಣವು ಉಸಿರಿನ ಮೂಲಕವಾಗಿಯೂ, ಮಾತು, ಕೆಮ್ಮು, ಸೀನುಗಳಿಂದ ಹಾರುವ ಸೂಕ್ಷ್ಮ ಹನಿಗಳ ಮೂಲಕವಾಗಿಯೂ ಒಬ್ಬನಿಂದ ಮತ್ತೊಬ್ಬನಿಗೆ ಹೋಗುವದು. ಗಾಳಿಯಾಡದ ಇಕ್ಕಟ್ಟಾದ ಅಂಗಡಿಯೊಳಗೆ ಇದು ಹೆಚ್ಚು. ಇನ್ನೂ ಮುಖ್ಯವಾದ ಸಂಗತಿ ಒಂದುಂಟು. ಜ್ವರ ಕಾಣಿಸುವದಕ್ಕೆ ಒಂದೆರಡು ದಿನ ಮುಂಚೆಯೇ ರೋಗಿಯಿಂದ ಇತರರಿಗೆ ರೋಗವು ಅಂಟಬಹುದು; ಕೆಲವರಿಗಂತೂ ಜ್ವರವೇ ಕಾಣಿಸದೆ ಅವರ ಮೂಲಕ ಇತರರಿಗೆ ಅಂಟಬಹುದು. ಅಂದರೆ, ನನಗೆ ಏನೂ ಇಲ್ಲ, ನಾನು ಗಟ್ಟಿಯಾಗಿದ್ದೇನೆ ಎಂದು ಹೇಳುವವನು ಸುಳ್ಳು ಹೇಳುವದಿಲ್ಲ. ಆದರೂ ಅವನ ಮಾತು ನಿಜವಾಗದೆ ಇರಬಹುದು. ಬೇನೆ ತಿಳಿದ ಮೇಲೆ ಮುಚ್ಚಿಕೊಳ್ಳುತ್ತೇನೆ ಎಂಬವನ ಮಾತು, ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆಯಂತಾಯಿತು.

ಇನ್ನು ಇದಕ್ಕೆ ವಿರೋಧವಾಗಿ ಹೇಳಲ್ಪಡುವ ಮಾತುಗಳನ್ನು ಒಂದೊಂದಾಗಿ ವಿಚಾರಿಸೋಣ.

ಮೊದಲನೆಯದು: ದೇಹ ನನ್ನದು, ಪ್ರಾಣ ನನ್ನದು, ಬದುಕಿದರೂ ಸತ್ತರೂ ನನಗೇ ಸೇರಿದ್ದು, ಇನ್ನೊಬ್ಬರು ಯಾಕೆ ಕೇಳಬೇಕು? ಈ ಮಾತಿಗೆ ಉತ್ತರವನ್ನು ನಮ್ಮ ಮಂಡ್ಯ ಸೀಮೆಯ ಗದ್ದೆಗಳೇ ಕೊಡುವವು. ಕನ್ನಂಬಾಡಿಯ ಕಟ್ಟೆಯಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆಯ ನೀರು ಮೇಲಿನ ಗದ್ದೆಗಳಿಗೆ ಮೊದಲು ದೊರೆತು, ಮದ್ದೂರು, ಮಳವಳ್ಳಿಗಳ ಕಡೆಯ ಬಯಲುಗಳಿಗೆ ಕೊನೆಗೆ ಮುಟ್ಟುವದು. ಮೇಲಿನವನು ತನ್ನ ಸರದಿಗೆ ಮೀರಿ ನೀರು ತಿರುಗಿಸಿಕೊಂಡರೆ, ಗದ್ದೆ ನನ್ನದು, ನೀರು ಬಿಟ್ಟುಕೊಂಡೆ ಎಂದು ಹೇಳಬಹುದು. ಆದರೆ ಎಲ್ಲಿಯೋ ಕೆಳಗೆ, ಅವನು ಎಂದಿಗೂ ಮುಖ ನೋಡದ ಒಬ್ಬನ ಪೈರು ಒಣಗುವದು. ಒಣಗಿದ ಪೈರಿನ ಮೇಲೆ ಯಾರ ಹೆಸರೂ ಬರೆದಿರುವದಿಲ್ಲ. ಆದದರಿಂದ ಮೇಲಿನವನು ನಿಶ್ಚಿಂತನಾಗಿ ನಿದ್ರಿಸುವನು. ಉಸಿರು ನಾಲೆಯ ನೀರಿನಂತೆಯೇ ಇದೆ. ಅದು ನನ್ನ ಮೂಗಿನಿಂದ ಹೊರಟ ಮೇಲೆ ನನ್ನದಲ್ಲ.

ಅಂಗಡಿಯಲ್ಲಿ ಈ ಕೆಳಗದ್ದೆಯವರು ಯಾರು? ಕೊಳ್ಳುವವನು ಹತ್ತು ನಿಮಿಷ ನಿಂತು ಹೋಗುವನು. ಜನ ಹೆಚ್ಚಾಗಿದ್ದರೆ ಆಮೇಲೆ ಬರುತ್ತೇನೆಂದು ತಿರುಗಿ ಹೋಗುವ ಸ್ವಾತಂತ್ರ್ಯವೂ ಅವನಿಗುಂಟು. ತಕ್ಕಡಿಯ ಹಿಂದೆ ಕೂತಿರುವವನಿಗೆ ಆ ಸ್ವಾತಂತ್ರ್ಯವಿಲ್ಲ. ಸೊಸೈಟಿಯಲ್ಲಿ ಅಕ್ಕಿ ಅಳೆಯುವ ಹುಡುಗನೂ, ಬೀದಿಯ ಬದಿಯಲ್ಲಿ ಗೋಣಿಯ ಮೇಲೆ ಸೊಪ್ಪು ಹರಡಿಕೊಂಡು ಕೂತಿರುವ ಮುದುಕಿಯೂ ಬೆಳಗಿನಿಂದ ಸಾಯಂಕಾಲದ ವರೆಗೆ ನೂರು ಜನರ ಉಸಿರಿನ ಎದುರಿಗೆ ಕೂತಿರಬೇಕು. ಎದ್ದುಹೋದರೆ ಆ ದಿನದ ಅನ್ನವಿಲ್ಲ. ಮೂಗು ಮುಚ್ಚಿಕೋ ಎಂದು ಗಿರಾಕಿಗೆ ಹೇಳುವ ಧೈರ್ಯವೂ ಆಕೆಗಿಲ್ಲ. ಗಿರಾಕಿಯು ಪಕ್ಕದವಳ ಬಳಿಗೆ ಹೋದಾನು. ಒಂದು ಕಟ್ಟು ದಂಟಿನ ಸೊಪ್ಪಿಗೆ ಎರಡು ರೂಪಾಯಿ ಇಳಿಸು ಎಂದು ಆಕೆಯ ಸಂಗಡ ಚೌಕಾಶಿ ಮಾಡುವ ನಾವು, ಆಕೆಯ ಪ್ರಾಣದ ವಿಷಯದಲ್ಲಿ ಮಾತಿಲ್ಲದೆ ಚೌಕಾಶಿ ಮಾಡುತ್ತೇವೆಂದು ತಿಳಿಯುವದೇ ಇಲ್ಲ. ದೂರ ಹೋಗಲಾರದವರ ಹತ್ತಿರಕ್ಕೆ ಬರುವವನ ಮೇಲೆ ಒಂದು ಋಣ ಉಂಟು. ಮುಖಗವಸೆಂಬದು ಆ ಋಣದಲ್ಲಿ ಬಹಳ ಸಣ್ಣ ಕಂತು.

ಎರಡನೆಯದು: ಆಯುಸ್ಸು ಇದ್ದರೆ ಬದುಕುತ್ತೇವೆ, ಇಲ್ಲದಿದ್ದರೆ ಬಟ್ಟೆ ಕಟ್ಟಿಕೊಂಡರೇನು? ಕೆಲವರು ಇದನ್ನು ಹಣೆಬರಹವೆನ್ನುವರು, ನಮ್ಮಲ್ಲಿ ಕೆಲವರು ಇದನ್ನೇ ದೈವಭಕ್ತಿಯೆಂದು ಹೇಳುವರು. ಆದರೆ ಹೀಗೆ ಹೇಳುವವರು ಮಳೆಗಾಲಕ್ಕೆ ಮುಂಚೆ ಮನೆಯ ಹೆಂಚನ್ನು ಸರಿಮಾಡುತ್ತಾರೆ, ಕಬ್ಬಿನ ಗದ್ದೆಯ ಬದುವನ್ನು ಕಟ್ಟುತ್ತಾರೆ, ರಾತ್ರಿ ಬಾಗಿಲಿಗೆ ಚಿಲಕ ಹಾಕುತ್ತಾರೆ. ತನ್ನ ಸೊತ್ತಿನ ವಿಷಯದಲ್ಲಿ ಜಾಗ್ರತೆಯನ್ನೂ ನೆರೆಯವನ ಪ್ರಾಣದ ವಿಷಯದಲ್ಲಿ ಭರವಸೆಯನ್ನೂ ಇಟ್ಟುಕೊಳ್ಳುವದು ಭಕ್ತಿಯಲ್ಲ. ನನ್ನ ಪ್ರಾಣವನ್ನು ಒಪ್ಪಿಸಿಕೊಡುವ ಅಧಿಕಾರ ನನಗಿದ್ದರೂ, ಸೊಪ್ಪಿನವಳ ಪ್ರಾಣವನ್ನು ಒಪ್ಪಿಸಿಕೊಡುವ ಅಧಿಕಾರವನ್ನು ನನಗೆ ಯಾರು ಕೊಟ್ಟರು?

ಮೂರನೆಯದು: ಇದರಿಂದ ನಿಜವಾಗಿ ಪ್ರಯೋಜನ ಉಂಟೋ? ಇದು ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ಪ್ರೇಕ್ಷೆಯಿಲ್ಲದೆ ಉತ್ತರ ಕೊಡಬೇಕು. ೧೯೧೦–೧೧ರ ಚಳಿಗಾಲದಲ್ಲಿ ಚೀನಾ ದೇಶದ ಮಂಚೂರಿಯದಲ್ಲಿ ಶ್ವಾಸಕೋಶದ ಪ್ಲೇಗು ಎದ್ದಾಗ, ವೂ ಲೀನ್-ತೇ ಎಂಬ ವೈದ್ಯರು ರೋಗವು ಉಸಿರಿನಿಂದ ಹರಡುವದೆಂದು ಕಂಡುಕೊಂಡು, ಹತ್ತಿಯನ್ನೂ ತೆಳುಬಟ್ಟೆಯನ್ನೂ ಸೇರಿಸಿ ಮುಖಗವಸನ್ನು ಮಾಡಿಸಿದರು. ಮೆನಿ ಎಂಬ ಫ್ರೆಂಚ್ ವೈದ್ಯರು ಇದನ್ನು ಒಪ್ಪದೆ, ಮುಖ ಮುಚ್ಚಿಕೊಳ್ಳದೆ ರೋಗಿಗಳನ್ನು ನೋಡಿ, ಕೆಲವೇ ದಿನಗಳಲ್ಲಿ ಅದೇ ರೋಗದಿಂದ ತೀರಿಹೋದರು. ಇದು ಒಬ್ಬರ ಕಥೆ. ಊರುಗಳ ಸಂಗತಿ ಬೇರೆ. ಆದದರಿಂದ ಬಾಂಗ್ಲಾದೇಶದಲ್ಲಿ ನಡೆದ ಒಂದು ಪರೀಕ್ಷೆಯನ್ನು ಹೇಳುತ್ತೇವೆ. ೨೦೨೦ನೆಯ ನವೆಂಬರಿನಿಂದ ೨೦೨೧ನೆಯ ಏಪ್ರಿಲಿನ ವರೆಗೆ ಅಲ್ಲಿ ಸುಮಾರು ೬೦೦ ಹಳ್ಳಿಗಳಲ್ಲಿ, ಮೂರು ಲಕ್ಷಕ್ಕೂ ಹೆಚ್ಚು ವಯಸ್ಕರ ನಡುವೆ ಇದು ನಡೆಯಿತು. ಅರ್ಧ ಹಳ್ಳಿಗಳಲ್ಲಿ ಮನೆಮನೆಗೂ ಮಾಸ್ಕನ್ನು ಉಚಿತವಾಗಿ ಕೊಟ್ಟು, ಸಂತೆಗಳಲ್ಲಿಯೂ ಪ್ರಾರ್ಥನಾಸ್ಥಳಗಳಲ್ಲಿಯೂ ಮರೆತವರಿಗೆ ಮೃದುವಾಗಿ ನೆನಪು ಮಾಡಿದರು; ದಂಡ ಹಾಕಲಿಲ್ಲ. ನೂರಕ್ಕೆ ೧೩ ಜನರು ಧರಿಸುತ್ತಿದ್ದ ಕಡೆ ೪೨ ಜನರು ಧರಿಸುವಂತಾಯಿತು. ಆಸ್ಪತ್ರೆಗಳಲ್ಲಿ ಬಳಸುವ ಬಗೆಯ ಮಾಸ್ಕನ್ನು ಕೊಟ್ಟ ಹಳ್ಳಿಗಳಲ್ಲಿ ರೋಗಲಕ್ಷಣವಿದ್ದು ರಕ್ತಪರೀಕ್ಷೆಯಿಂದ ಖಚಿತವಾದ ಬೇನೆಯು ನೂರಕ್ಕೆ ಸುಮಾರು ೧೧ ಪಾಲು ಕಡಿಮೆಯಾಯಿತು. ಅರುವತ್ತು ದಾಟಿದವರಲ್ಲಿ ಸುಮಾರು ೩೫ ಪಾಲು ಕಡಿಮೆಯಾಯಿತು. ಬರೀ ಬಟ್ಟೆಯ ಮಾಸ್ಕಿನ ವಿಷಯದಲ್ಲಿ ಅಷ್ಟು ಸ್ಪಷ್ಟವಾದ ಫಲ ಕಾಣಲಿಲ್ಲ. ಇದಲ್ಲದೆ, ೨೦೨೩ರಲ್ಲಿ ಇಂಥಾ ಅನೇಕ ಪರೀಕ್ಷೆಗಳನ್ನು ಒಟ್ಟಾಗಿ ನೋಡಿದ ಕಾಕ್ರೇನ್ ಪರಿಶೀಲನೆಯು, ಜನರಿಗೆ ಮಾಸ್ಕು ಧರಿಸಿರೆಂದು ಹೇಳುವದರಿಂದ ರೋಗವು ಎಷ್ಟು ಕಡಿಮೆಯಾಗುವದೆಂದು ದೃಢವಾಗಿ ಹೇಳಲಾಗದೆಂದಿತು.

ಹಾಗಾದರೆ ನಾವು ಕಲಿಯಬೇಕಾದದ್ದೇನು? ಮುಖಗವಸು ಕೋಟೆಯಲ್ಲ, ಅದು ಬೇಲಿ. ಬೇಲಿಯಿಂದ ಎಲ್ಲಾ ದನಗಳೂ ತಡೆಯಲ್ಪಡುವದಿಲ್ಲವೆಂದು ಯಾವ ರೈತನೂ ಬೇಲಿಯನ್ನು ಕಿತ್ತುಹಾಕುವದಿಲ್ಲ. ನೂರರಲ್ಲಿ ಹತ್ತು ಎಂಬದು ಕಡಿಮೆಯೆಂದು ತೋರಬಹುದು. ಆದರೆ ಕರ್ನಾಟಕದಲ್ಲಿ ಸರ್ಕಾರದ ಲೆಕ್ಕದ ಪ್ರಕಾರವೇ ನಾಲ್ವತ್ತು ಸಾವಿರಕ್ಕೆ ಮೀರಿದ ಜನರು ಈ ರೋಗದಿಂದ ಸತ್ತರು. ಹನಿಗೂಡಿ ಹಳ್ಳವೆಂದು ನಮ್ಮ ಹಿರಿಯರು ಹೇಳಿದ್ದಾರೆ. ತನ್ನ ಒಬ್ಬನ ಹನಿಯು ಯಾರನ್ನು ಉಳಿಸಿತೆಂದು ಯಾರಿಗೂ ತಿಳಿಯದು. ಕೃತಜ್ಞತೆಯನ್ನು ಹೊಂದದೆ, ಫಲವನ್ನು ಕಣ್ಣಾರೆ ನೋಡದೆ ಮಾಡುವ ಒಳ್ಳೆಯದು ಕಷ್ಟವಾದದ್ದು. ಆದರೆ ಒಳ್ಳೆಯದರ ಪರೀಕ್ಷೆಯೇ ಅದು.

ನಾಲ್ಕನೆಯದು: ಮುಖ ಮುಚ್ಚಿಕೊಂಡು ನಿಂತರೆ ಎದುರಿನವನನ್ನು ಸಂಶಯಿಸಿದ ಹಾಗಲ್ಲವೇ? ಇದರಲ್ಲಿ ನೋವುಂಟು. ೨೦೨೦ನೆಯ ಮೇ ತಿಂಗಳಲ್ಲಿ ಮುಂಬಯಿಯಿಂದ ನಮ್ಮ ಜಿಲ್ಲೆಗೆ ಹಿಂದಿರುಗಿದ ಅನೇಕರಲ್ಲಿ ರೋಗವು ಕಂಡುಬಂತು. ಮುಖ್ಯವಾಗಿ ಕೃಷ್ಣರಾಜಪೇಟೆಯ ಕಡೆಯವರಲ್ಲಿ. ಅನ್ನಕ್ಕಾಗಿ ಊರು ಬಿಟ್ಟು, ಕೆಲಸ ಹೋಗಿ ಊರಿಗೆ ಬಂದ ಆ ಬಡವರನ್ನು ಅವರ ನೆಂಟರೇ ದೂರದಿಂದ ನೋಡಿದರು. ಆಗ ಮಾಸ್ಕೆಂಬದು, ನೀನು ಅಶುದ್ಧನು ಎಂದು ಹೇಳುವ ಗುರುತಿನಂತಾಯಿತು. ಮುಟ್ಟಬಾರದೆಂಬ ಮಾತಿನ ಬೇನೆಯನ್ನು ತಲೆತಲಾಂತರದಿಂದ ಅನುಭವಿಸಿದ ಮನೆಗಳು ನಮ್ಮೊಳಗೆ ಎಷ್ಟೋ ಇರುವದರಿಂದ, ಇದನ್ನು ನಾವು ಹಗುರವಾಗಿ ಎಣಿಸಲಾರೆವು. ಆದರೆ ಮುಖಗವಸಿನ ನಿಜವಾದ ಅರ್ಥವು ಅದಕ್ಕೆ ವಿರೋಧವಾದದ್ದು. ಧರಿಸಿದವನು ಹೇಳುವ ಮಾತು, ನಿನ್ನಲ್ಲಿ ದೋಷವಿದೆ ಎಂಬದಲ್ಲ. ನನ್ನಲ್ಲಿ ದೋಷವಿದ್ದರೂ ಇರಬಹುದು, ನನಗೆ ನನ್ನ ವಿಷಯವೇ ತಿಳಿಯದು ಎಂಬದೇ. ಇದು ಇನ್ನೊಬ್ಬನ ಮೇಲೆ ಹೊರಿಸುವ ತಪ್ಪಲ್ಲ, ತನ್ನ ವಿಷಯದಲ್ಲಿ ಒಪ್ಪಿಕೊಳ್ಳುವ ಅಜ್ಞಾನ. ಮಾಲಿಕನೂ ಆಳೂ, ಸಾಹುಕಾರನೂ ಸೊಪ್ಪಿನವಳೂ ಒಂದೇ ಸಮನಾಗಿ ಇದನ್ನು ಧರಿಸಿದಲ್ಲಿ ಯಾರ ಮೇಲೆಯೂ ಗುರುತು ಬೀಳದು. ಕೆಲವರು ಮಾತ್ರ ಧರಿಸುವಾಗಲೇ ಅದು ಅವಮಾನವಾಗುವದು.

ಆದರೂ ಬಲಾತ್ಕಾರದ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಹೇಳಬೇಕು. ೧೮೯೮ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ಲೇಗು ಬಂದಾಗ, ಜನರ ಮನಸ್ಸನ್ನು ಒಲಿಸದೆ ಜಾರಿಗೆ ತಂದ ಕಟ್ಟುಪಾಡುಗಳಿಗೆ ವಿರೋಧವಾಗಿ ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ದೊಂಬಿ ಎದ್ದಿತು. ಭಯದಿಂದ ಮಾತ್ರ ವಿಧೇಯರಾದವರು ಭಯ ಹೋದ ದಿನವೇ ಅವಿಧೇಯರಾಗುವರು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಬಹುಮಾನದ ಆಶೆಯನ್ನು ಸೇರಿಸಿದರೂ ಹೆಚ್ಚೇನೂ ಆಗಲಿಲ್ಲ. ಕೈಗೆ ಮಾಸ್ಕನ್ನು ಕೊಟ್ಟು ಎದುರಿಗೆ ನಿಂತು ಹೇಳಿದ ಮಾತೇ ಕೆಲಸ ಮಾಡಿತು. ಅಲ್ಲದೆ ಎಲ್ಲರೂ ಧರಿಸಲಾರರು. ಉಬ್ಬಸದಿಂದ ನರಳುವವರು ಉಂಟು; ಎದುರಿನವರ ತುಟಿಗಳನ್ನು ನೋಡಿಯೇ ಮಾತನ್ನು ತಿಳಿಯುವ ಕಿವುಡರು ಉಂಟು; ಐದು ವರುಷದೊಳಗಿನ ಮಕ್ಕಳಿಂದ ಇದನ್ನು ಕೇಳಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯವರೇ ಹೇಳಿದರು. ಕೊಳ್ಳುವದಕ್ಕೆ ಹಣವಿಲ್ಲದೆ ಸೆರಗನ್ನೋ ಟವೆಲನ್ನೋ ಅಡ್ಡ ಹಿಡಿದವರೂ ಇದ್ದರು. ಬರೀ ಮುಖವನ್ನು ಕಂಡ ಕೂಡಲೇ ಗದರಿಸುವವನು, ನೆರೆಯವನಿಗೋಸ್ಕರ ಧರಿಸಿದ ಬಟ್ಟೆಯಿಂದಲೇ ನೆರೆಯವನನ್ನು ಹೊಡೆದ ಹಾಗಾಯಿತು. ಜೇಬಿನಲ್ಲಿ ಇನ್ನೊಂದು ಮಾಸ್ಕನ್ನು ಇಟ್ಟುಕೊಂಡು, ತಗೋ ಅಣ್ಣಾ, ತಗೋ ತಾಯಿ ಎಂದು ಕೊಡುವವನೇ ಮೇಲು.

ಆದದರಿಂದ ನಮ್ಮ ತೀರ್ಮಾನವೇನಂದರೆ: ರೋಗವು ಊರಲ್ಲಿ ಹಬ್ಬಿರುವಾಗ ಅಂಗಡಿಗೆ ಹೋಗುವವನು, ಧರಿಸಲು ಶಕ್ತನಾದರೆ, ಆಜ್ಞೆಯಿದ್ದರೂ ಇಲ್ಲದಿದ್ದರೂ ಮುಖಗವಸನ್ನು ಧರಿಸತಕ್ಕದ್ದು, ಮೂಗನ್ನೂ ಮುಚ್ಚತಕ್ಕದ್ದು, ಮಾತಾಡುವಾಗ ತೆಗೆಯದಿರತಕ್ಕದ್ದು, ಬೇಗ ಕೊಂಡು ಬೇಗ ಹೊರಡತಕ್ಕದ್ದು. ಧರಿಸಲಾರದವನು ಹೊರಗೆ ಗಾಳಿಯಲ್ಲಿ ನಿಂತು ಬೇಕಾದದ್ದನ್ನು ತರಿಸಿಕೊಳ್ಳಲಿ. ಅವನಿಗೆ ನೆರೆಯವರು ಸಹಾಯಮಾಡಲಿ. ೨೦೨೩ನೆಯ ಮೇ ೫ರಂದು ವಿಶ್ವ ಆರೋಗ್ಯ ಸಂಸ್ಥೆಯವರು ಆ ರೋಗದ ತುರ್ತುಪರಿಸ್ಥಿತಿಯು ಮುಗಿಯಿತೆಂದು ಸಾರಿದರು. ಋಣ ಮಾತ್ರ ಮುಗಿಯಲಿಲ್ಲ. ಇಂದಿಗೂ ನೆಗಡಿ, ಕೆಮ್ಮು, ಕ್ಷಯಗಳು ಉಸಿರಿನಿಂದಲೇ ಹರಡುವವು. ಕೆಮ್ಮುತ್ತಿರುವ ದಿನ ನಾವು ಅಂಗಡಿಗೆ ಹೋಗಬೇಕಾದರೆ, ನಮ್ಮನ್ನು ನೋಡುವ ಪೊಲೀಸಿನವನು ಯಾರೂ ಇಲ್ಲ. ಗೋಣಿಯ ಮೇಲೆ ಕೂತ ಮುದುಕಿಯು ಮಾತ್ರ ಇರುವಳು. ಆಕೆಯು ಏನೂ ಕೇಳುವದಿಲ್ಲ. ಕೇಳದವರಿಗೆ ಸಲ್ಲತಕ್ಕದ್ದನ್ನು ಸಲ್ಲಿಸುವೆವೋ ಇಲ್ಲವೋ ಎಂಬದನ್ನು ಪ್ರತಿಯೊಬ್ಬರೂ ಮನೆಯಿಂದ ಹೊರಡುವದಕ್ಕೆ ಮುಂಚೆ, ಹೊಸ್ತಿಲಿನ ಮೇಲೆಯೇ ನಿಂತು ಯೋಚಿಸಿಕೊಳ್ಳೋಣ.