ಚಕ್ರ ಹೊಸದು, ಬಣ್ಣ ನನ್ನದು

1938ರಲ್ಲಿ ಲಿವರ್‌ಪೂಲಿನ ಬಿನ್ಸ್ ರೋಡ್ ಕಾರ್ಖಾನೆ ಹಾರ್ನ್‌ಬಿ ಡಬ್ಲೊ ಎಂಬ ಪುಟ್ಟ ರೈಲುಗಳನ್ನು ಮಾರುಕಟ್ಟೆಗೆ ತಂದಿತು. ಅಂಥ ಹಳೆಯ ಎಂಜಿನೊಂದನ್ನು ಇಂದು ಆನ್‌ಲೈನಿನಲ್ಲಿ ಕೊಳ್ಳುವವನಿಗೆ ಸಿಗುವುದು ನಾಲ್ಕು ಫೋಟೊ, ಮಾರುವವನ ನಾಲ್ಕು ಮಾತು. ಕೈಯಲ್ಲಿ ಹಿಡಿದು ನೋಡುವಂತಿಲ್ಲ.

ರಿಪೇರಿ ತಪ್ಪಲ್ಲ. ವರ್ಷಗಳು ಕಳೆದಂತೆ ಮೋಟಾರಿನ ಅಯಸ್ಕಾಂತ ಸೊರಗುತ್ತದೆ. ಅದಕ್ಕೆ ಮತ್ತೆ ಶಕ್ತಿ ತುಂಬಬಹುದು. ಆದರೆ ಸತುವಿನ ಮಿಶ್ರಲೋಹದಲ್ಲಿ ಸೀಸ ಬೆರೆತಿದ್ದರೆ ಎರಕದ ಭಾಗ ಒಳಗಿಂದಲೇ ಉಬ್ಬಿ ಬಿರುಕು ಬಿಡುತ್ತದೆ. ಅದಕ್ಕೆ ಮದ್ದಿಲ್ಲ, ಬದಲಿಸಬೇಕು ಅಷ್ಟೇ. ಆ ಬಿರುಕಿನ ಮೇಲೆ ಬಣ್ಣ ಬಳಿದು ‘ಒರಿಜಿನಲ್’ ಎಂದು ಮಾರಿದರೆ?

‘ಕೇಳಿದ್ದರೆ ಹೇಳುತ್ತಿದ್ದೆ’ ಎಂಬ ಸಮಜಾಯಿಷಿ ಇದ್ದೇ ಇದೆ. ಆದರೆ ಏನು ಕೇಳಬೇಕೆಂದು ಗೊತ್ತಿರುವುದು ಬಿಚ್ಚಿ ನೋಡಿದವನಿಗೆ ಮಾತ್ರ. ಹೇಳುವ ಹೊಣೆಯೂ ಅವನದೇ.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಒಂದು ಸಾಲು ಬದಲಿಸಿದರೂ ಯಾರು, ಯಾವಾಗ, ಏಕೆ ಎಂದು ಬರೆದಿಡುತ್ತೇವೆ. ಮುಂದೆ ಅದನ್ನು ಓದುವವನು ಯಾರೋ, ನಮಗೆ ತಿಳಿಯದು. ರೈಲಿನ ಡಬ್ಬಿಯಲ್ಲೂ ಅಂಥದೊಂದು ಚೀಟಿ ಇರಲಿ: ಚಕ್ರ ಹೊಸದು, ಬಣ್ಣ ನನ್ನದು. ಬೆಲೆ ಒಂದಿಷ್ಟು ಇಳಿದೀತು. ಮುಚ್ಚಿಟ್ಟಿದ್ದರೆ ಕೊಳ್ಳುವವನ ಜೇಬಿನಿಂದ ನಾವು ಕದಿಯುತ್ತಿದ್ದುದು ಅಷ್ಟೇ ಹಣವನ್ನು.