ಚೈತ್ರದ ಬಿಸಿಲು, ರಾಮನ ಹೆಸರು

ಇಂಗ್ಲೆಂಡಿನ ರೆಡಿಂಗ್ ಮಠದ ನಂಟಿರುವ 13ನೆಯ ಶತಮಾನದ ಹಸ್ತಪ್ರತಿಯೊಂದರಲ್ಲಿ ಬೇಸಗೆಯನ್ನು ಬರಮಾಡಿಕೊಳ್ಳುವ ಹಾಡಿದೆ. ಕೋಗಿಲೆ ಕೂಗುತ್ತದೆ, ಕಾಡು ಚಿಗುರುತ್ತದೆ, ದನಕರುಗಳು ನಲಿಯುತ್ತವೆ. ದೇವರ ಮಾತೇ ಇಲ್ಲ. ಆದರೆ ಅದೇ ಸ್ವರಗಳ ಕೆಳಗೆ ಕೆಂಪು ಶಾಯಿಯಲ್ಲಿ ಇನ್ನೊಂದು ಸಾಹಿತ್ಯವಿದೆ. ಅದು ಲ್ಯಾಟಿನ್ನಿನಲ್ಲಿ, ಕ್ರಿಸ್ತನ ಬಲಿದಾನವನ್ನು ಕುರಿತದ್ದು. ಋತುವಿನ ಹಿಗ್ಗೂ ದೇವರ ಸ್ಮರಣೆಯೂ ಒಂದೇ ಮಟ್ಟಿನಲ್ಲಿ ಕೂಡಬಲ್ಲವೆಂದು ಅದನ್ನು ಬರೆದಿಟ್ಟವರು ಒಪ್ಪಿದ್ದರು. ನಾವು ಒಪ್ಪುತ್ತೇವೆಯೇ? ಬೆಂಗಳೂರಿನ ಜಯನಗರ 8ನೇ ಬ್ಲಾಕಿನ ಜಯರಾಮ ಸೇವಾ ಮಂಡಳಿಯಲ್ಲೋ, 1939ರಲ್ಲಿ ಚಾಮರಾಜಪೇಟೆಯಲ್ಲಿ ಹುಟ್ಟಿದ ಶ್ರೀರಾಮ ಸೇವಾ ಮಂಡಳಿಯಲ್ಲೋ ರಾಮನವಮಿಯ ಕಛೇರಿ ಕೇಳುವವರಲ್ಲಿ ಅನೇಕರಿಗೆ ಸಂಗೀತವೇ ಪೂಜೆ. ಬಿಸಿಲಿಗೆ ತಂಪೆಂದು ಹಂಚುವ ಪಾನಕ, ಕೋಸಂಬರಿ, ನೀರುಮಜ್ಜಿಗೆ ಬರಿಯ ಉಪಚಾರ. ಈ ವಿಂಗಡಣೆ ತಪ್ಪು ಎಂಬುದು ನನ್ನ ವಾದ.

ರಾಮ ಹುಟ್ಟಿದ ತಿಥಿ ಬೇಸಗೆಯಲ್ಲಿ ಬಿದ್ದದ್ದು ಆಕಸ್ಮಿಕ, ಬಿಸಿಲಿಗೂ ಭಕ್ತಿಗೂ ಏನು ಸಂಬಂಧ ಎಂದು ಆಸ್ತಿಕರು ಕೇಳಬಹುದು. ಪಂಚಾಂಗವೇ ಇದಕ್ಕೆ ಉತ್ತರ. ಚಾಂದ್ರಮಾನದ ಹನ್ನೆರಡು ತಿಂಗಳು ಸೂರ್ಯನ ವರ್ಷಕ್ಕಿಂತ ಸುಮಾರು 11 ದಿನ ಕಡಿಮೆ. ಹಾಗೇ ಬಿಟ್ಟಿದ್ದರೆ ಹತ್ತೇ ವರ್ಷದಲ್ಲಿ ರಾಮನವಮಿ ಡಿಸೆಂಬರಿನ ಚಳಿಗೆ ಜಾರುತ್ತಿತ್ತು. ಜಾರದಂತೆ ಅಧಿಕಮಾಸ ಸೇರಿಸಿ ಚೈತ್ರವನ್ನು ಮಾರ್ಚ್, ಏಪ್ರಿಲ್‌ಗೆ ಕಟ್ಟಿಹಾಕಿದ್ದಾರೆ. ತಿಥಿಯಷ್ಟೇ ಮುಖ್ಯವಾಗಿದ್ದರೆ ಇಷ್ಟು ಶ್ರಮ ಯಾಕೆ ಬೇಕಿತ್ತು? ವಾಲ್ಮೀಕಿ ರಾಮಾಯಣದ ಪ್ರಚಲಿತ ಪಾಠವೂ ಯಜ್ಞ ಮುಗಿದು ಆರು ಋತುಗಳು ಕಳೆದವೆಂದು ಹೇಳಿದ ಮೇಲೆಯೇ ಚೈತ್ರದ ನವಮಿಗೆ ಬರುತ್ತದೆ.

ಹಾಗಾದರೆ ಋತುವೇ ಸಾಕಲ್ಲ, ರಾಮ ಯಾಕೆ ಎನ್ನುವ ವಿಚಾರವಾದಿಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಬಿಸಿಲು ಎಲ್ಲರಿಗೂ ಬಾಯಾರಿಕೆ ತರುತ್ತದೆ, ನಿಜ. ಆದರೆ ಕೊಡು ಎಂದು ಯಾರಿಗೂ ಹೇಳುವುದಿಲ್ಲ. ಅದೇ ಬಿಸಿಲಲ್ಲಿ ನೀರಿನ ವ್ಯಾಪಾರವೂ ನಡೆಯುತ್ತದೆ. ಬೆಲ್ಲ, ಏಲಕ್ಕಿ ಹಾಕಿದ ಪಾನಕವನ್ನು ಹೆಸರು ಕೇಳದೆ, ಕಾಸು ಪಡೆಯದೆ ದಾರಿಹೋಕನ ಕೈಗಿಡುವುದು ಋತು ಕಲಿಸಿದ ಪಾಠವಲ್ಲ. ಏನು ಕೊಡಬೇಕೆಂದು ಬೇಸಗೆ ತಿಳಿಸುತ್ತದೆ; ಯಾರಿಗಾದರೂ ಕೊಡಬೇಕೆಂಬ ಕಟ್ಟಳೆ ದೇವರ ಹೆಸರಿನಿಂದ ಬರುತ್ತದೆ. ದೇವರಿಲ್ಲದೆಯೂ ಉದಾರಿಗಳಿದ್ದಾರೆ, ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಬೀದಿ ಬೀದಿಗೂ ಒಂದೇ ದಿನ ಈ ಔದಾರ್ಯವನ್ನು ರೂಢಿಯಾಗಿಸಿದ್ದು ಹಬ್ಬವೇ. ಆದ್ದರಿಂದ ಬನಶಂಕರಿಯಲ್ಲಾಗಲಿ ಜೆ.ಪಿ. ನಗರದಲ್ಲಾಗಲಿ ಚಪ್ಪರ ಹಾಕುವವರಲ್ಲಿ ನನ್ನ ಕೋರಿಕೆ ಇಷ್ಟೆ: ಪಾನಕದ ಕೊಳಗವನ್ನು ವೇದಿಕೆಯ ಹಿಂದೆ ಇಡಬೇಡಿ. ಪೌರಕಾರ್ಮಿಕರಿಗೂ ಆಟೋ ಚಾಲಕರಿಗೂ ಕಾಣುವಂತೆ ರಸ್ತೆಯ ಬದಿಗೇ ಇಡಿ.