ಪರ್ವದಿನದ ಮಾತುಕತೆ: ಕಥೆ ಮತ್ತು ವಿಕಥೆ

ಉಪವಾಸವೆಂದರೆ ಊಟ ಬಿಡುವುದು ಎಂದೇ ಮನೆಮನೆಯಲ್ಲಿ ತಿಳಿದುಕೊಂಡಿದ್ದಾರೆ. ಅಶನ, ಪಾನ, ಖಾದ್ಯ, ಲೇಹ್ಯವೆಂಬ ನಾಲ್ಕು ಬಗೆಯ ಆಹಾರವನ್ನು ತ್ಯಜಿಸುವುದು ಅದರ ಬಾಹ್ಯಸ್ವರೂಪವೆಂಬುದು ನಿಜ. ಆದರೆ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಆ ಪದವನ್ನು ಬಿಡಿಸುವ ರೀತಿ ಬೇರೆಯಾಗಿದೆ. ಶಬ್ದವೇ ಮೊದಲಾದ ವಿಷಯಗಳ ಮೇಲಿನ ಆತುರವನ್ನು ತೊರೆದು ಐದು ಇಂದ್ರಿಯಗಳೂ ಬಂದು ನೆಲಸಿದರೆ ಅದು ಉಪವಾಸ. ಆಚಾರ್ಯರು ಶಬ್ದವನ್ನು ಹೆಸರಿಸಿ ಉಳಿದವನ್ನು ‘ಮೊದಲಾದ’ ಎಂಬ ಮಾತಿನಲ್ಲಿ ಅಡಗಿಸಿರುವುದನ್ನು ವ್ರತಿಕರು ಗಮನಿಸಬೇಕು. ನಾಲಗೆಗೆ ಬೀಗ ಹಾಕಿ ಕಿವಿಯ ಬಾಗಿಲನ್ನು ಹಾರುಹೊಡೆದಿಟ್ಟವನ ವ್ರತ ಎಷ್ಟರಮಟ್ಟಿಗೆ ನಡೆದೀತು?

ಸಮಂತಭದ್ರಸ್ವಾಮಿಗಳ ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರೋಷಧೋಪವಾಸದ ದಿನ ಬಿಡಬೇಕಾದ ಸಂಗತಿಗಳೆಲ್ಲ ಮೊದಲು ಬರುತ್ತವೆ: ಪಂಚಪಾಪಗಳು, ಅಲಂಕಾರ, ಆರಂಭ, ಗಂಧ, ಪುಷ್ಪ, ಸ್ನಾನ, ಅಂಜನ, ನಸ್ಯ. ಅದಾದ ಮೇಲೆ ಆ ಖಾಲಿಯಾದ ಹೊತ್ತನ್ನು ಏನು ಮಾಡಬೇಕೆಂಬುದನ್ನೂ ಸ್ವಾಮಿಗಳು ಹೇಳದೆ ಬಿಟ್ಟಿಲ್ಲ. ಉಪವಾಸಿಯು ಬಾಯಾರಿದವನಂತೆ ಧರ್ಮವೆಂಬ ಅಮೃತವನ್ನು ಕಿವಿಗಳಿಂದ ಕುಡಿಯಬೇಕು, ಇತರರಿಗೂ ಕುಡಿಸಬೇಕು, ಇಲ್ಲವೆ ತೂಕಡಿಸದೆ ಜ್ಞಾನಧ್ಯಾನಗಳಲ್ಲಿ ತೊಡಗಿರಬೇಕು. ಬಾಯಿಗೆ ಆಹಾರವಿಲ್ಲದ ದಿನ ಕಿವಿಗೆ ಆಹಾರವುಂಟು ಎಂದಾಯಿತು. ಆ ಆಹಾರ ಯಾವುದೆಂಬುದೇ ಈಗಿನ ಪ್ರಶ್ನೆ.

ಅಷ್ಟಮಿ, ಚತುರ್ದಶಿಗಳಲ್ಲಿ, ಅದರಲ್ಲಿಯೂ ಅನಂತಚತುರ್ದಶಿಯಂದು, ಬೆಳಗಿನ ಹೊತ್ತು ಅಭಿಷೇಕ ಪೂಜೆಗಳಲ್ಲಿ ಕಳೆದುಹೋಗುತ್ತದೆ. ಸಂಜೆಗೆ ಶಾಸ್ತ್ರವಾಚನ, ಆರತಿ ಇದ್ದೇ ಇರುತ್ತವೆ. ಕಷ್ಟವಿರುವುದು ಮಧ್ಯಾಹ್ನದ 2 ಗಂಟೆಯಿಂದ 5 ಗಂಟೆಯವರೆಗೆ. ಆಗ ಬಸದಿಯ ಜಗಲಿಯಲ್ಲಿ ನಾಲ್ವರು ಸೇರುತ್ತಾರೆ. ನಿದ್ರೆ ಬಂದೀತೆಂಬ ಭಯದಿಂದ ಮಾತು ಪ್ರಾರಂಭವಾಗುತ್ತದೆ. ಗೊಮ್ಮಟಸಾರದಲ್ಲಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಪ್ರಮಾದಗಳನ್ನು 15 ಎಂದು ಎಣಿಸಿದ್ದಾರೆ: ವಿಕಥೆ 4, ಕಷಾಯ 4, ಇಂದ್ರಿಯ 5, ನಿದ್ರೆ 1, ಪ್ರಣಯ 1. ವಿಕಥೆಯೂ ನಿದ್ರೆಯೂ ಒಂದೇ ಪಟ್ಟಿಯಲ್ಲಿವೆ. ನಿದ್ರೆಯನ್ನು ಓಡಿಸಲು ಊರ ಸುದ್ದಿಯನ್ನು ತೆಗೆದವರು ಒಂದು ಪ್ರಮಾದವನ್ನು ಕೊಟ್ಟು ಇನ್ನೊಂದನ್ನು ಕೊಂಡವರು. ಈ ವ್ಯಾಪಾರದಲ್ಲಿ ಲಾಭವೇನೂ ಇಲ್ಲ.

ಸ್ತ್ರೀಕಥೆ, ಭಕ್ತಕಥೆ, ರಾಷ್ಟ್ರಕಥೆ, ರಾಜಕಥೆ ಎಂಬುವು ಆ ನಾಲ್ಕು ವಿಕಥೆಗಳು. ಕುಂದಕುಂದಾಚಾರ್ಯರು ನಿಯಮಸಾರದಲ್ಲಿ ವಚನಗುಪ್ತಿಯನ್ನು ಹೇಳುವಾಗ ಚೋರಕಥೆಯನ್ನೂ ಹೆಸರಿಸುತ್ತಾರೆ. ಇವುಗಳಲ್ಲಿ ಉಪವಾಸದ ದಿನ ತಾನಾಗಿಯೇ ನುಗ್ಗಿ ಬರುವುದು ಭಕ್ತಕಥೆ, ಅಂದರೆ ಅನ್ನದ ಮಾತು. ಉಳಿದ ದಿನಗಳಲ್ಲಿ ಊಟದ ವಿಚಾರವನ್ನೇ ಎತ್ತದವರೂ ಅಂದು ಹೋದ ವರ್ಷದ ಉದ್ಯಾಪನೆಯಲ್ಲಿ ಹೋಳಿಗೆ ಹೇಗಿತ್ತು, ಯಾರ ಮನೆಯ ಪಾರಣೆಯಲ್ಲಿ ತುಪ್ಪ ಧಾರಾಳವಾಗಿತ್ತು ಎಂದು ವರ್ಣಿಸುತ್ತಾರೆ. ಹಲ್ಲಿಗೆ ಅಗುಳು ತಾಕದಿದ್ದರೂ ಮನಸ್ಸು ಎರಡು ಸಲ ಉಂಡೆದ್ದಿರುತ್ತದೆ. ಹಾಗೆಂದು ಅಡುಗೆಯ ಮಾತೆಲ್ಲವೂ ವಿಕಥೆಯಲ್ಲ. ಮೂರು ದಿನ ನಿರಾಹಾರವಿದ್ದ ವೃದ್ಧೆಗೆ ಪಾರಣೆಯಲ್ಲಿ ಹೆಸರುಬೇಳೆಯ ಕಟ್ಟು ಒಗ್ಗೀತೇ ಎಂದು ಸೊಸೆಯು ಅಡುಗೆಮನೆಯಲ್ಲಿ ಅತ್ತಿಗೆಯನ್ನು ಕೇಳಿದರೆ ಅದು ವೈಯಾವೃತ್ಯ. ಅದೇ ಮಾತನ್ನು ವೃದ್ಧೆಯ ಮಗ್ಗುಲಲ್ಲಿ ಕುಳಿತು, ಒಗ್ಗರಣೆಯ ಪರಿಮಳವನ್ನೂ ಸೇರಿಸಿ ಆಡಿದರೆ ಹಿಂಸೆಯಾಗುತ್ತದೆ. ವಸ್ತು ಒಂದೇ ಆದರೂ ಆಡಿದ ಸ್ಥಳವೂ ಕೇಳಿದ ಕಿವಿಯೂ ಬೇರೆ.

ರಾಜಕಥೆಯ ವಿಷಯದಲ್ಲಿಯೂ ಇದೇ ನ್ಯಾಯ. ರಾಜರ ಹೆಸರು ಬಂದೊಡನೆ ವಿಕಥೆಯಾಗುವುದಾದರೆ ಭರತ ಬಾಹುಬಲಿಗಳ ಕಥೆಯನ್ನು ಯಾವ ಬಸದಿಯಲ್ಲಿಯೂ ಓದುವಂತಿರಲಿಲ್ಲ. ಅಲ್ಲಿ ರಾಜ್ಯವಿದೆ, ದಾಯಾದಿ ಮತ್ಸರವಿದೆ, ಯುದ್ಧವಿದೆ. ಆದರೂ ಕೇಳಿದವನು ವೈರಾಗ್ಯದ ಕಡೆಗೆ ಒಂದು ಹೆಜ್ಜೆ ಇಟ್ಟು ಏಳುತ್ತಾನೆ. ಜಿನಸೇನಾಚಾರ್ಯರು ಮಹಾಪುರಾಣದ ಆದಿಯಲ್ಲಿ ಹೇಳುವಂತೆ, ಧರ್ಮದ ಫಲಕ್ಕೆ ಅಂಗವಾಗಿ ಬಂದಾಗ ಅರ್ಥಕಾಮಗಳ ಮಾತೂ ಕಥೆಯೇ. ಹಾಗಲ್ಲದಿದ್ದರೆ ಅದೇ ಮಾತು ವಿಕಥೆಯಾಗಿ ಪಾಪಾಸ್ರವಕ್ಕೆ ಕಾರಣವಾಗುತ್ತದೆ. ಚುನಾವಣೆಯ ಸುದ್ದಿಯನ್ನು ಗೃಹಸ್ಥನು ತಿಳಿಯಬಾರದೆಂದು ಯಾರೂ ಹೇಳುವುದಿಲ್ಲ. ತಿಂಗಳಿಗೆ ಪರ್ವದಿನಗಳು 4 ಮಾತ್ರ, ಉಳಿದ 26 ದಿನಗಳು ಅದಕ್ಕೆ ಸಾಲದೆ? ಸ್ತ್ರೀಕಥೆ ಚೋರಕಥೆಗಳನ್ನಂತೂ ಈಗ ಬಾಯಲ್ಲಿ ಹೇಳುವವರೇ ಬೇಕಾಗಿಲ್ಲ, ಅಂಗೈಯಲ್ಲಿನ ಮೊಬೈಲು ತಾನೇ ಹೇಳುತ್ತದೆ. ಅನರ್ಥದಂಡದ ಐದು ಬಗೆಗಳಲ್ಲಿ ದುಃಶ್ರುತಿ ಎಂಬುದು ಕೇಳುವವನ ದೋಷ. ಆಡಿದವರು ಯಾರೋ, ಕೇಳಿದ್ದು ಮಾತ್ರ ತಾನಾಗಿಯೇ ಎಂಬ ಸಮಾಧಾನಕ್ಕೆ ಅಲ್ಲಿ ಎಡೆಯಿಲ್ಲ.

ಇನ್ನು ಧರ್ಮದ ಹೆಸರಿನಲ್ಲಿಯೇ ನಡೆಯುವ ಚರ್ಚೆ. ಇದು ಸೂಕ್ಷ್ಮವಾದುದು. ಸಭೆಯಲ್ಲಿ ಪ್ರಶ್ನೆ ಕೇಳುವುದು ತಪ್ಪಲ್ಲ. ಪೃಚ್ಛನೆಯು ಸ್ವಾಧ್ಯಾಯದ ಐದು ಅಂಗಗಳಲ್ಲಿ ಎರಡನೆಯದು. ಆದರೆ ಅಕಲಂಕದೇವರು ರಾಜವಾರ್ತಿಕದಲ್ಲಿ ಅದಕ್ಕೊಂದು ಬೇಲಿ ಹಾಕಿದ್ದಾರೆ: ತನ್ನ ಹಿರಿಮೆಯನ್ನು ಮೆರೆಯಲು, ಇನ್ನೊಬ್ಬನನ್ನು ಸಿಕ್ಕಿಸಲು, ನಗೆಯಾಡಲು ಕೇಳಿದ್ದು ಪೃಚ್ಛನೆಯಲ್ಲ. ಪಂಚಾಮೃತ ಅಭಿಷೇಕ ಯುಕ್ತವೋ ಅಲ್ಲವೋ, ತೇರಾಪಂಥ ಬೀಸಪಂಥಗಳಲ್ಲಿ ಯಾವುದು ಸರಿ ಎಂಬ ವಾದವು ದಶಲಕ್ಷಣ ಪರ್ವದ ಸಂಜೆಯೇ ಏಳಬೇಕೆ? ಉತ್ತಮಕ್ಷಮೆಯ ವ್ಯಾಖ್ಯಾನ ಕೇಳಿ ಹೊರಬಂದವರು ಮೆಟ್ಟಿಲಿಳಿಯುವಷ್ಟರಲ್ಲಿ ಮಾತು ಬಿಟ್ಟಿರುತ್ತಾರೆ.

ಶಿವಾರ್ಯರ ಭಗವತೀ ಆರಾಧನೆಯು ಈ ವಿಷಯದಲ್ಲಿ ತೋರುವ ವಿವೇಕ ಅಸಾಧಾರಣವಾದುದು. ಸಲ್ಲೇಖನೆಯಲ್ಲಿರುವ ಕ್ಷಪಕನಿಗೆ 48 ಮಂದಿ ನಿರ್ಯಾಪಕ ಮುನಿಗಳು, ನಾಲ್ಕು ನಾಲ್ಕು ಜನರಂತೆ, ಒಂದೊಂದು ಸೇವೆಗೆ ನಿಲ್ಲುತ್ತಾರೆ. ನಾಲ್ವರ ಕೆಲಸ ಅವನಿಗೆ ಧರ್ಮಕಥೆ ಹೇಳುವುದು. ಧರ್ಮಕಥೆಗಳೂ ನಾಲ್ಕು: ತತ್ತ್ವವನ್ನೂ ಚಾರಿತ್ರವನ್ನೂ ನಿರೂಪಿಸುವ ಆಕ್ಷೇಪಿಣಿ, ಪರಮತವನ್ನು ಮುಂದಿಟ್ಟು ಖಂಡಿಸುವ ವಿಕ್ಷೇಪಿಣಿ, ಧರ್ಮದ ಫಲದಲ್ಲಿ ಉತ್ಸಾಹ ಹುಟ್ಟಿಸುವ ಸಂವೇಜಿನಿ, ದೇಹಭೋಗಗಳಲ್ಲಿ ವಿರಕ್ತಿ ಹುಟ್ಟಿಸುವ ನಿರ್ವೇಜಿನಿ. ಇವುಗಳಲ್ಲಿ ಮೂರನ್ನು ಕ್ಷಪಕನಿಗೆ ಹೇಳಬಹುದು, ವಿಕ್ಷೇಪಿಣಿಯನ್ನು ಹೇಳಕೂಡದು. ಖಂಡಿಸುವ ಮುನ್ನ ಎದುರಾಳಿಯ ಪಕ್ಷವನ್ನು ಹೇಳಲೇಬೇಕಲ್ಲವೆ? ಆ ನಡುವೆಯೇ ಆಯುಸ್ಸು ತೀರಿದರೆ ಅವನ ಮನಸ್ಸು ನಿಂತದ್ದು ಎಲ್ಲಿ? ವಿಕ್ಷೇಪಿಣಿಯೂ ಧರ್ಮಕಥೆಯೇ, ಆದರೂ ಆ ಕಿವಿಗೆ ಸಲ್ಲದು. ಹೊರಗೆ ಬಂದ ಜನರಿಗೆ ನಾಲ್ಕು ಬಗೆಯ ಕಥೆಗಳನ್ನೂ ಹೇಳುವ ಬೇರೆ ಮುನಿಗಳಿದ್ದಾರೆ. ಅವರು ಕುಳಿತುಕೊಳ್ಳಬೇಕಾದುದು ಕ್ಷಪಕನಿಗೆ ಶಬ್ದ ಬೀಳದಷ್ಟು ದೂರದಲ್ಲಿ.

ಶಬ್ದ ಬೀಳದಷ್ಟು ದೂರ ಎಂಬ ಈ ಅಳತೆಯನ್ನು ಗೃಹಸ್ಥರು ಮರೆತಿದ್ದಾರೆ. ಮಲೆನಾಡಿನ ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಬಹುದು. ಎಂಬತ್ತು ದಾಟಿದ ಯಜಮಾನರು ಅನಂತಚತುರ್ದಶಿಯ ಉಪವಾಸದಲ್ಲಿ ಒಳಕೋಣೆಯ ಚಾಪೆಯ ಮೇಲೆ ಒರಗಿದ್ದಾರೆ. ಪರ್ವಕ್ಕೆಂದು ಬಂದ ಇಬ್ಬರು ಗಂಡುಮಕ್ಕಳು ಗೋಡೆಯಾಚೆಯ ಜಗಲಿಯಲ್ಲಿ ತೋಟದ ಪಾಲಿನ ಮಾತು ತೆಗೆದಿದ್ದಾರೆ. ಅವರು ಕೆಟ್ಟವರಲ್ಲ, ಧ್ವನಿಯನ್ನೂ ತಗ್ಗಿಸಿಯೇ ಆಡುತ್ತಿದ್ದಾರೆ. ಕಿರಿಯವನಿಗೆ ರಜೆ ಇರುವುದು ಎರಡೇ ದಿನ. ಪಾಲಿನ ಮಾತು ಗೃಹಸ್ಥಧರ್ಮಕ್ಕೆ ಹೊರಗಿನದೂ ಅಲ್ಲ, ಎಂದಾದರೊಂದು ದಿನ ಆಡಲೇಬೇಕು. ಆದರೆ ಹಸಿದವರ ಕಿವಿ ಚುರುಕಾಗಿರುತ್ತದೆ. ಕೆರೆಯ ಬದಿಯ ಗದ್ದೆ ಯಾರಿಗೆ ಎಂಬ ಮಾತು ಕೇಳಿದ ವೃದ್ಧರ ಬೆರಳು ಜಪಮಾಲೆಯ ಒಂದೇ ಮಣಿಯ ಮೇಲೆ ನಿಂತುಬಿಟ್ಟಿದೆ. ಆ ಗದ್ದೆಯನ್ನು ಅವರೇ ಕಡಿದು ಮಾಡಿದ್ದು. ಬೆಳಗಿನಿಂದ ಕಟ್ಟಿದ ಮನಸ್ಸು ಒಂದು ಕ್ಷಣದಲ್ಲಿ ಗದ್ದೆಯ ಬದುವಿಗೆ ಹೋಗಿ ನಿಂತಿತು.

ಹಿರಿಯ ಸೊಸೆ ಇದನ್ನು ಕಂಡಳು. ಜಗಲಿಗೆ ಹೋಗಿ ಮೈದುನನಿಗೆ, “ಆ ಮಾತು ನಾಳೆ ಪಾರಣೆಯಾದ ಮೇಲೆ ಅವರನ್ನೇ ಕೂರಿಸಿಕೊಂಡು ಆಡಿರಿ” ಎಂದಳು. ನಾಳೆ ಬೆಳಗಿನ ಬಸ್ಸಿಗೆ ಹೊರಡಬೇಕಲ್ಲ ಅತ್ತಿಗೆ ಎಂದು ಅವನು ಗೊಣಗಿದ. ಅಣ್ಣನು ಮಾತ್ರ ಎದ್ದು ಅಂಗಳ ದಾಟಿ ಹೋದ. ಆಕೆ ಒಳಗೆ ಬಂದು ವಡ್ಡಾರಾಧನೆಯನ್ನು ಬಿಡಿಸಿದಳು. ಆ ಗ್ರಂಥದ 19 ಕಥೆಗಳೂ ಆರಾಧನೆಯಲ್ಲಿರುವವರ ಮನಸ್ಸನ್ನು ದೃಢಗೊಳಿಸುವ ಗಾಹೆಗಳನ್ನು ಹಿಡಿದು ಬೆಳೆದಂಥವು. ಮೊದಲನೆಯದೇ ಸುಕುಮಾರಸ್ವಾಮಿಯ ಕಥೆ. ಮುನಿಯ ದರ್ಶನವೇ ಆಗದಂತೆ ತಾಯಿ ಕಾಪಾಡಿದ ಮಗನಿಗೆ, ಇರುಳಿನ ಕೊನೆಯಲ್ಲಿ ಪಕ್ಕದಿಂದ ಕೇಳಿಬಂದ ಮುನಿಯ ಪಾಠವೇ ಸಾಕಾಯಿತು. ಅದು ಅವನನ್ನು ಕುರಿತು ಆಡಿದ ಮಾತಲ್ಲ, ಕಿವಿಗೆ ಬಿದ್ದದ್ದಷ್ಟೇ. ಪೂರ್ವಭವ ನೆನಪಾಗಿ ಮಹಲಿನಿಂದ ಇಳಿದೇಬಿಟ್ಟ.

“ಎಲ್ಲಿಂದ ಓದಲಿ ಮಾವಯ್ಯ?” ಎಂದು ಸೊಸೆ ಕೇಳಿದಳು.

ವೃದ್ಧರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವನು ಮಹಲಿನಿಂದ ಇಳಿಯುವಲ್ಲಿಂದ ಓದಮ್ಮ” ಎಂದರು. ಕಿರಿಯ ಮಗನು ಬಾಗಿಲ ಬಳಿ ಬಂದು ನಿಂತಿದ್ದವನು ಅಲ್ಲಿಯೇ ಹೊಸ್ತಿಲಿನ ಈಚೆ ಕುಳಿತ. ಬೆಳಗಿನ ಬಸ್ಸು ಅವನನ್ನು ಬಿಟ್ಟೇ ಹೋಯಿತು.